ಪೂರ್ತಿ ಹೆಸರು ಕೇಳಿ: ಮೊದಲ ಗೇಮಿಂಗ್ ಪಿಸಿಗೆ ಬಿಡಿಭಾಗ ಆರಿಸುವ ಬಗೆ

"ಅಣ್ಣಾ, ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಇರೋ ಗೇಮಿಂಗ್ ಪಿಸಿ 25 ಸಾವಿರಕ್ಕೆ ಕೊಡ್ತಾರಂತೆ. ತಗೊಳ್ಲಾ?"

ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಇದೇ. ನನ್ನ ಮರುಪ್ರಶ್ನೆಯೂ ಪ್ರತಿ ಸಲ ಒಂದೇ: ಯಾವ ಐ7? ಇಂಟೆಲ್ ಐ7-2600 ಬಂದದ್ದು 2011ರ ಜನವರಿಯಲ್ಲಿ. ಅದೂ ಐ7ನೇ. 2022ರಲ್ಲಿ ಬಂದ ಐ3-12100ಎಫ್ ಆಟದಲ್ಲಿ ಅದನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಇನ್ನು "4 ಜಿಬಿ ಗ್ರಾಫಿಕ್ಸ್" ಎಂದರೆ ಜಿಟಿ 730 ಇರಬಹುದು, ಜಿಟಿಎಕ್ಸ್ 1650 ಇರಬಹುದು. ಎತ್ತಿನಗಾಡಿಯಲ್ಲೂ ಕಾರಿನಲ್ಲೂ ನಾಲ್ಕು ಜನ ಕೂರಬಹುದು ಎಂದ ಮಾತ್ರಕ್ಕೆ ಎರಡೂ ಒಂದೇ ಅಲ್ಲವಲ್ಲ.

ಅರ್ಧ ಹೆಸರು ಹೇಳಿ ಪೂರ್ತಿ ದುಡ್ಡು ಕೇಳುವುದು ಈ ವ್ಯಾಪಾರದ ಹಳೇ ಚಾಳಿ. ಎಚ್61 ಮತ್ತು ಎಚ್610 ಎಂಬ ಎರಡು ಮದರ್‌ಬೋರ್ಡ್ ಚಿಪ್‌ಸೆಟ್‌ಗಳಿವೆ (ಬಿಡಿಭಾಗಗಳೆಲ್ಲ ಕೂರುವ ದೊಡ್ಡ ಹಲಗೆಯ ಮುಖ್ಯ ಚಿಪ್ಪು). ನಡುವೆ ಇರುವುದು ಒಂದು ಸೊನ್ನೆ, ಹನ್ನೊಂದು ವರ್ಷ. ಹಾಗಾಗಿ ಬಿಡಿಭಾಗ ಆರಿಸಲು ಹೊರಡುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ಭಾಗದ ಮುಂದೆಯೂ ಅಕ್ಷರ, ಅಂಕಿ, ಬಾಲ ಎಲ್ಲ ಸೇರಿದ ಪೂರ್ತಿ ಮಾದರಿ ಹೆಸರು ಬರೆಯಿರಿ. ಹೆಸರು ಪೂರ್ತಿಯಾಗದ ಸಾಲಿಗೆ ಹಣ ಕೊಡಬೇಡಿ.

ಹಂತ 1: ಮೊದಲು ಆಟ, ಆಮೇಲೆ ಮಾನಿಟರ್

ಎಲ್ಲರೂ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ನೀವು ಪರದೆಯಿಂದ ಶುರು ಮಾಡಿ. ಗ್ರಾಫಿಕ್ಸ್ ಕಾರ್ಡ್ ಎಷ್ಟು ಚುಕ್ಕಿಗಳನ್ನು ಬಿಡಿಸಬೇಕು, ಸೆಕೆಂಡಿಗೆ ಎಷ್ಟು ಸಲ ಬಿಡಿಸಬೇಕು ಎಂಬುದನ್ನು ನಿರ್ಧರಿಸುವುದು ಮಾನಿಟರ್. 1080ಪಿ ಪರದೆಯಲ್ಲಿ (1920 ಅಡ್ಡ, 1080 ಉದ್ದ) ಸುಮಾರು 20 ಲಕ್ಷ ಚುಕ್ಕಿ ಇರುತ್ತವೆ, 1440ಪಿಯಲ್ಲಿ ಸುಮಾರು 37 ಲಕ್ಷ. ಕಡಿಮೆ ಬಜೆಟ್ಟಿನ ಮೊದಲ ಪಿಸಿಗೆ 24 ಇಂಚಿನ 1080ಪಿ ಸಾಕು. ಅದೇ 1080ಪಿಯನ್ನು 27 ಇಂಚಿಗೆ ಹಿಗ್ಗಿಸಿದರೆ ಹತ್ತಿರ ಕೂತಾಗ ಅಕ್ಷರಗಳ ಅಂಚು ಒರಟಾಗಿ ಕಾಣುತ್ತದೆ.

ಹರ್ಟ್ಸ್ ಎಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬಲ್ಲದು ಎಂಬ ಲೆಕ್ಕ. ನೀವು ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಆಡುವವರಾದರೆ 144 ಹರ್ಟ್ಸ್ ಅಥವಾ ಅದಕ್ಕಿಂತ ಹೆಚ್ಚಿನದು ತೆಗೆದುಕೊಳ್ಳಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಇವು ಗ್ರಾಫಿಕ್ಸ್ ಕಾರ್ಡಿಗಿಂತ ಪ್ರೊಸೆಸರನ್ನು ಹೆಚ್ಚು ದುಡಿಸುವ ಆಟಗಳು. ಸೈಬರ್‌ಪಂಕ್ 2077ರಂಥ ಕಥೆಯಾಧಾರಿತ ದೊಡ್ಡ ಆಟಗಳೇ ನಿಮ್ಮ ಆಸೆಯಾದರೆ ಭಾರ ಬೀಳುವುದು ಕಾರ್ಡಿನ ಮೇಲೆ, ಹಣವೂ ಅತ್ತಲೇ ಹೋಗಬೇಕು.

ಹಂತ 2: ದುಡ್ಡು ಹಂಚಿಕೊಳ್ಳಿ

ಮಾನಿಟರ್, ಕೀಬೋರ್ಡ್, ಮೌಸ್, ಯುಪಿಎಸ್ ಬಿಟ್ಟು ಡಬ್ಬಕ್ಕೆ ಮಾತ್ರ 60 ಸಾವಿರ ರೂಪಾಯಿ ಇದೆ ಎಂದುಕೊಳ್ಳೋಣ. ನಾನಾದರೆ ಹೀಗೆ ಹಂಚುತ್ತೇನೆ: ಗ್ರಾಫಿಕ್ಸ್ ಕಾರ್ಡಿಗೆ 22ರಿಂದ 24 ಸಾವಿರ, ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಸೇರಿ 17 ಸಾವಿರದ ಆಸುಪಾಸು, ಎಸ್‌ಎಂಪಿಎಸ್‌ಗೆ (ಪಿಸಿಗೆ ಕರೆಂಟು ಕೊಡುವ ಪೆಟ್ಟಿಗೆ) 4 ಸಾವಿರ, ಕ್ಯಾಬಿನೆಟ್‌ಗೆ 3 ಸಾವಿರ, ಉಳಿದದ್ದು ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ (ವಿಂಡೋಸ್, ಆಟಗಳನ್ನು ತುಂಬಿಡುವ ಡ್ರೈವ್).

ಕೊನೆಯ ಬಾಬ್ತಿನ ಬಗ್ಗೆ ಎಚ್ಚರ. ಎಐ ಡೇಟಾ ಸೆಂಟರ್‌ಗಳು ಮೆಮರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಹಳೆಯ ವೀಡಿಯೊ ನೋಡಿ ಲೆಕ್ಕ ಹಾಕಿದರೆ ಅಂಗಡಿಯಲ್ಲಿ ತಬ್ಬಿಬ್ಬಾಗುತ್ತೀರಿ. ಆ ದಿನದ ಬೆಲೆಯನ್ನು ಎರಡು ಮೂರು ಕಡೆ ವಿಚಾರಿಸಿಕೊಂಡೇ ಹೊರಡಿ.

ಎಲ್ಲದಕ್ಕೂ 18 ಶೇಕಡ ಜಿಎಸ್‌ಟಿ ಇದೆ. "ಇಷ್ಟು ರೂಪಾಯಿ" ಎಂದಾಗ ತೆರಿಗೆ ಸೇರಿಯೋ, ಬಿಟ್ಟೋ ಎಂದು ಮೊದಲೇ ಕೇಳಿ. 60 ಸಾವಿರಕ್ಕೆ ಇನ್ನೂ 10,800 ಸೇರಿಕೊಂಡರೆ ಯಾರ ಬಜೆಟ್ಟೂ ಉಳಿಯುವುದಿಲ್ಲ.

ಹಂತ 3: ಗ್ರಾಫಿಕ್ಸ್ ಕಾರ್ಡ್

ಹೆಸರಿನ ಆಟ ಅತಿ ಹೆಚ್ಚು ನಡೆಯುವುದು ಇಲ್ಲೇ. ಆರ್‌ಟಿಎಕ್ಸ್ 3050 ತೆಗೆದುಕೊಳ್ಳಿ. 2022ರಲ್ಲಿ ಬಂದ 8 ಜಿಬಿ ಕಾರ್ಡಿನಲ್ಲಿ 2560 ಕೋರ್‌ಗಳು, 128 ಬಿಟ್ ಮೆಮರಿ ದಾರಿ. 2024ರಲ್ಲಿ ಅದೇ ಹೆಸರಿನಲ್ಲಿ ಬಂದ 6 ಜಿಬಿ ಕಾರ್ಡಿನಲ್ಲಿ 2304 ಕೋರ್‌ಗಳು, 96 ಬಿಟ್ ದಾರಿ. ಕಡಿಮೆಯಾದದ್ದು 2 ಜಿಬಿ ಮೆಮರಿಯಷ್ಟೇ ಅಲ್ಲ, ಕಾರ್ಡೇ ಬೇರೆ. ಆರ್‌ಟಿಎಕ್ಸ್ 5060 ಟಿಐ ಮತ್ತು ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ 8 ಜಿಬಿ ಮತ್ತು 16 ಜಿಬಿ ರೂಪದಲ್ಲಿವೆ. ಬೆಲೆಪಟ್ಟಿಯಲ್ಲಿ "5060" ಎಂದಷ್ಟೇ ಬರೆದಿದ್ದರೆ ಅದು ಮೂರರಲ್ಲಿ ಯಾವುದೂ ಆಗಬಹುದು.

ಕಾರ್ಡಿನ ಮೇಲಿರುವ ಮೆಮರಿಗೆ ವಿರ‍್ಯಾಮ್ ಎನ್ನುತ್ತಾರೆ. ಆಟದ ಗೋಡೆ, ನೆಲ, ಬಟ್ಟೆಗಳ ಚಿತ್ರಗಳೆಲ್ಲ ಅಲ್ಲಿ ಕೂತಿರಬೇಕು, ಜಾಗ ಸಾಲದಿದ್ದರೆ ಆಟ ತಡವರಿಸುತ್ತದೆ. ಇವತ್ತು ಹೊಸ ಕಾರ್ಡಿಗೆ ದುಡ್ಡು ಹಾಕುವುದಾದರೆ 8 ಜಿಬಿಗಿಂತ ಕೆಳಗೆ ಇಳಿಯಬೇಡಿ. ಹಾಗೆಂದು ಜಿಬಿ ಒಂದನ್ನೇ ನೋಡಬೇಡಿ: ನಿಧಾನದ ಚಿಪ್ಪಿಗೆ ಎಷ್ಟು ಮೆಮರಿ ಅಂಟಿಸಿದರೂ ಅದು ನಿಧಾನವೇ. ಜಿಟಿ 710, ಜಿಟಿ 730 ಹೊಸ ಡಬ್ಬದಲ್ಲಿ ಈಗಲೂ ಸಿಗುತ್ತವೆ. ಅವು ಪರದೆಗೆ ಚಿತ್ರ ಕೊಡುವ ಕಾರ್ಡುಗಳು, ಗೇಮಿಂಗ್ ಕಾರ್ಡುಗಳಲ್ಲ.

ಮೇಲಿನ ಬಜೆಟ್ಟಿನಲ್ಲಿ ನನ್ನ ಮೊದಲ ಆಯ್ಕೆ ಆರ್‌ಎಕ್ಸ್ 6600, ಸಿಕ್ಕರೆ. 2021ರ ಕಾರ್ಡು, 8 ಜಿಬಿ, ಕುಡಿಯುವುದು 132 ವ್ಯಾಟ್. 8 ಜಿಬಿಯ ಆರ್‌ಟಿಎಕ್ಸ್ 3050ಗಿಂತ ಸ್ಪಷ್ಟವಾಗಿ ವೇಗ. ಸ್ವಲ್ಪ ಎಳೆದಾಡಿ ಹಣ ಹೊಂದಿಸುವಂತಿದ್ದರೆ ಆರ್‌ಟಿಎಕ್ಸ್ 4060 ಅಥವಾ 5060. ಇಂಟೆಲ್ ಆರ್ಕ್ ಬಿ580ರಲ್ಲಿ 12 ಜಿಬಿ ಮೆಮರಿ ಇದೆ, ಆಕರ್ಷಕವೇ. ಆದರೆ ಅದಕ್ಕೆ ರೀಸೈಜಬಲ್ ಬಾರ್ ಬೇಕೇ ಬೇಕು. ಪ್ರೊಸೆಸರ್ ಕಾರ್ಡಿನ ಮೆಮರಿಯನ್ನು ಚೂರುಚೂರಾಗಿ ನೋಡದೆ ಒಟ್ಟಿಗೇ ನೋಡಲು ಬಿಡುವ ಸೌಲಭ್ಯ ಅದು, ಬಯಾಸ್‌ನಲ್ಲಿ (ಮದರ್‌ಬೋರ್ಡಿನೊಳಗೇ ಇರುವ ಮೂಲ ತಂತ್ರಾಂಶ) ಆನ್ ಮಾಡಬೇಕು. ದುರ್ಬಲ ಪ್ರೊಸೆಸರ್ ಜತೆ ಬಿ580 ಮಂಕಾಗುತ್ತದೆ ಎಂಬುದನ್ನೂ ನೆನಪಿಡಿ.

ಇನ್ನು ಸೆಕೆಂಡ್ ಹ್ಯಾಂಡ್. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಡಿಜಿಟಲ್ ನಾಣ್ಯ ತನ್ನ ವಿಧಾನ ಬದಲಿಸಿಕೊಂಡ ಮೇಲೆ, ಆ ನಾಣ್ಯದ ಗಣಿಗಾರಿಕೆಗೆ ರಾತ್ರಿಹಗಲು ದುಡಿದ ಕಾರ್ಡುಗಳೆಲ್ಲ ಮಾರುಕಟ್ಟೆಗೆ ಬಂದುಬಿದ್ದವು. ಅವೆಲ್ಲ ಕೆಟ್ಟವೇನಲ್ಲ, ಆದರೆ ಕಣ್ಣೆದುರು ಅರ್ಧ ಗಂಟೆ ಆಟ ಓಡಿಸಿ ತೋರಿಸಲು ಒಪ್ಪದವರ ಹತ್ತಿರ ಕೊಳ್ಳಬೇಡಿ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಹಳೇ ಚಿಪ್ಪಿಗೆ ಹೊಸ ಹೆಸರು ತುಂಬಿದ ನಕಲಿ ಕಾರ್ಡುಗಳನ್ನು ಅದು ಬಹುಮಟ್ಟಿಗೆ ಹಿಡಿದುಕೊಡುತ್ತದೆ.

ಹಂತ 4: ಪ್ರೊಸೆಸರ್

ಆರು ಕೋರ್, ಹನ್ನೆರಡು ಥ್ರೆಡ್ ಇರುವುದನ್ನು ಹಿಡಿಯಿರಿ. ಕೋರ್ ಎಂದರೆ ಕೆಲಸಗಾರ, ಥ್ರೆಡ್ ಎಂದರೆ ಏಕಕಾಲಕ್ಕೆ ಹಿಡಿಯಬಲ್ಲ ಕೆಲಸ. ಎಎಂಡಿ ರೈಜನ್ 5 5600 ಅಥವಾ ಇಂಟೆಲ್ ಐ5-12400ಎಫ್, ಇವೆರಡೂ ಈ ಕಾರ್ಡುಗಳಿಗೆ ತಕ್ಕ ಜೋಡಿ. ಹಣ ಇನ್ನೂ ಬಿಗಿಯಾದರೆ ನಾಲ್ಕು ಕೋರಿನ ಐ3-12100ಎಫ್.

ಇಲ್ಲಿ ಬಾಲದ ಅಕ್ಷರ ಮುಖ್ಯ. ಇಂಟೆಲ್‌ನಲ್ಲಿ "ಎಫ್" ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕದೆ ಪರದೆಗೆ ಏನೂ ಬಾರದು. ರೈಜನ್ 5 5600ರಲ್ಲೂ ಗ್ರಾಫಿಕ್ಸ್ ಇಲ್ಲ. 5600ಜಿಯಲ್ಲಿ ಇದೆ, ಆದರೆ ಅದರ ಎಲ್3 ಕ್ಯಾಷ್ (ಪ್ರೊಸೆಸರ್ ಒಳಗಿನ ಅತಿವೇಗದ ಸಣ್ಣ ಮೆಮರಿ) 16 ಎಂಬಿ, 5600ರದ್ದು 32 ಎಂಬಿ. ಕಾರ್ಡ್ ಹೇಗೂ ಹಾಕುವವರು "ಜಿ ಇರೋದು ಇನ್ನೂ ಒಳ್ಳೇದು ಸರ್" ಎಂಬ ಮಾತಿಗೆ ಬೀಳಬಾರದು. ಈಗ ಕಾರ್ಡಿಗೆ ದುಡ್ಡಿಲ್ಲ, ವರ್ಷ ಬಿಟ್ಟು ಹಾಕುತ್ತೇನೆ ಎನ್ನುವವರಿಗೆ ಮಾತ್ರ ಜಿ ಸರಿ.

ಮುಂದೆ ಪ್ರೊಸೆಸರ್ ಬದಲಿಸುವ ಯೋಚನೆ ಇದೆಯೇ? 5600 ಕೂರುವ ಎಎಂ4 ಸಾಕೆಟ್ ತನ್ನ ಹಾದಿಯ ಕೊನೆಗೆ ಬಂದಿದೆ. 2022ರಲ್ಲಿ ಬಂದ ಎಎಂ5 ಸಾಕೆಟ್‌ಗೆ ಇನ್ನೂ ಹೊಸ ಪ್ರೊಸೆಸರ್‌ಗಳು ಬರುತ್ತವೆ, ಆದರೆ ಅದು ಡಿಡಿಆರ್5 ರ‍್ಯಾಮ್ ಮಾತ್ರ ಒಪ್ಪುತ್ತದೆ. ರ‍್ಯಾಮ್ ದುಬಾರಿಯಾದ ದಿನಗಳಲ್ಲಿ ನಾನು ಡಿಡಿಆರ್4 ಸಾಕೆನ್ನುವ ಎಎಂ4 ಕಡೆಗೇ ವಾಲುತ್ತೇನೆ. ನಾಲ್ಕು ವರ್ಷದ ನಂತರದ ಚಿಂತೆಗೆ ಇವತ್ತಿನ ಕಾರ್ಡಿನ ದುಡ್ಡು ಕಡಿಯುವುದು ನನಗೆ ಸರಿಕಾಣದು.

ಹಂತ 5: ಮದರ್‌ಬೋರ್ಡ್

ಬೋರ್ಡು ಆಟದ ವೇಗ ಹೆಚ್ಚಿಸುವುದಿಲ್ಲ, ಆದರೆ ಹೊಂದದಿದ್ದರೆ ಯಾವುದೂ ಹೊತ್ತಿಕೊಳ್ಳುವುದಿಲ್ಲ. ಮೂರು ವಿಷಯ ನೋಡಿ. ಸಾಕೆಟ್: 5600ಗೆ ಎಎಂ4, 12400ಎಫ್‌ಗೆ ಎಲ್‌ಜಿಎ 1700. ರ‍್ಯಾಮ್: ಇಂಟೆಲ್ 12ನೇ ತಲೆಮಾರಿಗೆ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ, ಎಷ್ಟೋ ಮಾದರಿಗಳಲ್ಲಿ ಹೆಸರಿನ ಕೊನೆಯ ಡಿ4 ಎಂಬುದೊಂದೇ ಗುರುತು. ಒಂದಕ್ಕೆ ತಂದ ರ‍್ಯಾಮ್ ಇನ್ನೊಂದರಲ್ಲಿ ಕೂರುವುದೇ ಇಲ್ಲ, ಕಚ್ಚು ಬೇರೆ ಜಾಗದಲ್ಲಿರುತ್ತದೆ. ಒತ್ತಿ ಕೂರಿಸಲು ಹೋಗಿ ಮುರಿದವರಿದ್ದಾರೆ. ಮೂರನೆಯದು ಬಯಾಸ್. ಹಳೇ ಸ್ಟಾಕಿನ ಬಿ450 ಬೋರ್ಡಿಗೆ 5600ರ ಗುರುತೇ ಇರದಿರಬಹುದು. ಅಂಗಡಿಯಲ್ಲೇ ಅಪ್‌ಡೇಟ್ ಮಾಡಿಸಿ ಒಯ್ಯಿರಿ.

5600ಗೆ ಬಿ550 ಬೋರ್ಡು ಆದರೆ ನಿಶ್ಚಿಂತೆ. 12400ಎಫ್‌ಗೆ ಎಚ್610 ಕೂಡ ನಡೆಯುತ್ತದೆ, ಆದರೆ ರ‍್ಯಾಮ್ ಜಾಗ ಎರಡೇ ಎಂಬುದು ತಿಳಿದಿರಲಿ.

ಹಂತ 6: ರ‍್ಯಾಮ್ ಮತ್ತು ಎಸ್‌ಎಸ್‌ಡಿ

16 ಜಿಬಿ, 3200 ವೇಗದ ಡಿಡಿಆರ್4, ಎರಡು 8 ಜಿಬಿ ಕಡ್ಡಿಗಳಾಗಿ. ಎರಡು ಕಡ್ಡಿ ಇದ್ದರೆ ಪ್ರೊಸೆಸರ್‌ಗೆ ಎರಡು ದಾರಿ ಸಿಗುತ್ತದೆ, ಇದಕ್ಕೆ ಡ್ಯುಯಲ್ ಚಾನೆಲ್ ಎನ್ನುತ್ತಾರೆ. 5600ಜಿ ತೆಗೆದುಕೊಂಡವರಿಗೆ ಇದು ಐಚ್ಛಿಕವಲ್ಲ, ಕಡ್ಡಾಯ. ಸೆಕೆಂಡ್ ಹ್ಯಾಂಡ್‌ನಲ್ಲಿ ನಾನು ಧೈರ್ಯವಾಗಿ ಕೊಳ್ಳುವುದು ರ‍್ಯಾಮ್ ಮತ್ತು ಪ್ರೊಸೆಸರ್ ಎರಡನ್ನೇ. ಮೆಮ್‌ಟೆಸ್ಟ್ ಎಂಬ ಪರೀಕ್ಷಾ ತಂತ್ರಾಂಶ ಒಂದು ರಾತ್ರಿ ಓಡಿಸಿದರೆ ರ‍್ಯಾಮ್‌ನ ಹಣೆಬರಹ ಗೊತ್ತಾಗುತ್ತದೆ.

ಎಸ್‌ಎಸ್‌ಡಿ ಸಾಧ್ಯವಾದರೆ 1 ಟಿಬಿ. ಜಿಟಿಎ 5 ಒಂದೇ 100 ಜಿಬಿಗೂ ಹೆಚ್ಚು ಜಾಗ ತಿನ್ನುತ್ತದೆ. ಎಂ.2 ಎಂಬುದು ಆಕಾರದ ಹೆಸರು, ವೇಗದ ಹೆಸರಲ್ಲ. ಅದೇ ಆಕಾರದಲ್ಲಿ ಹಳೆಯ ಸಾಟಾ ಡ್ರೈವ್ ಕೂಡ ಬರುತ್ತದೆ. ವೇಗದ ಬಗೆಯ ಹೆಸರು ಎನ್‌ವಿಎಂಇ, ಬಿಲ್ಲಿನಲ್ಲಿ ಹಾಗೆಂದು ಇರಬೇಕು. ಅತಿ ವೇಗದ, ಅತಿ ದುಬಾರಿಯದರಿಂದ ಆಟಕ್ಕೆ ಆಗುವ ಲಾಭ ಕೆಲವು ಸೆಕೆಂಡು ಮಾತ್ರ.

ಹಂತ 7: ಎಸ್‌ಎಂಪಿಎಸ್

ಜಿಪುಣತನ ಇಲ್ಲಿ ಬೇಡ. ನನ್ನ ಮೊದಲ ಪಿಸಿಗೆ ಕ್ಯಾಬಿನೆಟ್ ಜತೆ ಪುಕ್ಕಟೆ ಬಂದ "450 ವ್ಯಾಟ್" ಎಸ್‌ಎಂಪಿಎಸ್ ಹಾಕಿದ್ದೆ. ಎಂಟನೇ ತಿಂಗಳಲ್ಲಿ ಸುಟ್ಟ ವಾಸನೆ ಬಂತು, ಹೋಗುವಾಗ ಮದರ್‌ಬೋರ್ಡನ್ನೂ ಜತೆಗೆ ಕರೆದುಕೊಂಡು ಹೋಯಿತು.

ಎಸ್‌ಎಂಪಿಎಸ್ ಎಂದರೆ ಗೋಡೆಯ 230 ವೋಲ್ಟನ್ನು ಪಿಸಿಗೆ ಬೇಕಾದ 12, 5, 3.3 ವೋಲ್ಟುಗಳಾಗಿ ಬದಲಿಸುವ ಪೆಟ್ಟಿಗೆ. ಡಬ್ಬದ ಮೇಲಿನ ದೊಡ್ಡ ಅಂಕಿ ನೋಡಬೇಡಿ, ಪಕ್ಕದ ಚೀಟಿ ಓದಿ. ಪ್ರೊಸೆಸರ್, ಕಾರ್ಡ್ ಎರಡೂ ಕುಡಿಯುವುದು 12 ವೋಲ್ಟ್ ಸಾಲಿನಿಂದ. ಆ ಸಾಲಿನಲ್ಲಿ 37 ಆಂಪ್ ಎಂದಿದ್ದರೆ 12ರಿಂದ ಗುಣಿಸಿ: 444 ವ್ಯಾಟ್. ಅದು ಪ್ರಾಮಾಣಿಕ 450. "500 ವ್ಯಾಟ್" ಎಂದು ಬರೆದು 12 ವೋಲ್ಟ್‌ನಲ್ಲಿ 18 ಆಂಪ್ ಇದ್ದರೆ ನಿಜವಾಗಿ ಸಿಗುವುದು 216 ವ್ಯಾಟ್. ಈ ಗುಣಾಕಾರವನ್ನು ಅಂಗಡಿಯಲ್ಲೇ ಮಾಡಿ, ನಾಚಿಕೆ ಬೇಡ.

80 ಪ್ಲಸ್ ಬ್ರಾಂಜ್ ಎಂದರೆ ಅರ್ಧ ಭಾರ ಇರುವಾಗ ಎಳೆದ ವಿದ್ಯುತ್ತಿನ 85 ಶೇಕಡ ಪಿಸಿಗೆ ತಲಪುತ್ತದೆ ಎಂದರ್ಥ. ಅದು ಮಿತವ್ಯಯದ ಗುರುತು, ಸುರಕ್ಷತೆಯ ಪ್ರಮಾಣಪತ್ರವಲ್ಲ. ಆದರೂ ಆ ಗುರುತೂ ಇಲ್ಲದ ಪೆಟ್ಟಿಗೆಯನ್ನು ಮುಟ್ಟಬೇಡಿ. ಹಿಂಭಾಗದಲ್ಲಿ 115/230 ಎಂಬ ಕೆಂಪು ಗುಂಡಿ ಇರುವುದು ಹಳೇ ವಿನ್ಯಾಸ, ಅದನ್ನೂ ಬಿಡಿ. 5600 ಮತ್ತು ಆರ್‌ಎಕ್ಸ್ 6600 ಜೋಡಿಗೆ ಒಳ್ಳೆಯ ಕಂಪನಿಯ 500ರಿಂದ 550 ವ್ಯಾಟ್ ಸಾಕು. ಕಾರ್ಡಿಗೆ ಹೋಗುವ 6+2 ಪಿನ್ ಕೇಬಲ್ ಇದೆಯೇ ನೋಡಿ. ಪ್ರೊಸೆಸರಿನ 4+4 ಪಿನ್ ನೋಡಲು ಹಾಗೇ ಇರುತ್ತದೆ, ಅದು ಬೇರೆ. ಕೇಬಲ್ ಕಳಚುವಂಥ ಮಾದರಿಯಾದರೆ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಎಂದಿಗೂ ಸಿಕ್ಕಿಸಬೇಡಿ: ತುದಿ ಹೊಂದುತ್ತದೆ, ಒಳಗಿನ ತಂತಿಗಳ ಕ್ರಮ ಹೊಂದುವುದಿಲ್ಲ. ಹಳೇ ಎಸ್‌ಎಂಪಿಎಸ್ ಕೊಳ್ಳುವ ಪ್ರಶ್ನೆಯೇ ಇಲ್ಲ.

ಹಂತ 8: ಕ್ಯಾಬಿನೆಟ್, ಯುಪಿಎಸ್, ಅರ್ಥಿಂಗ್

ಮುಂಭಾಗ ಜಾಲರಿ ಇರುವ ಕ್ಯಾಬಿನೆಟ್ ಕೊಳ್ಳಿ. ಮುಂದೆ ಇಡೀ ಗಾಜಿದ್ದು ಒಳಗೆ ನಾಲ್ಕು ಬಣ್ಣದ ಫ್ಯಾನ್ ತಿರುಗುತ್ತಿದ್ದರೆ ನೋಡಲು ಚೆಂದ, ಗಾಳಿ ಬರುವುದೆಲ್ಲಿಂದ? ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಡಬ್ಬದೊಳಗಿನದ್ದು ನೀವೇ ಊಹಿಸಿ. ಕಾರ್ಡಿನ ಉದ್ದ ಮಿಲಿಮೀಟರ್ ಲೆಕ್ಕದಲ್ಲಿ ನೋಡಿ ಕ್ಯಾಬಿನೆಟ್ಟಿಗೆ ಹೋಲಿಸಿ.

ಯುಪಿಎಸ್ ವಿಷಯದಲ್ಲಿ ವಿಎ ಮತ್ತು ವ್ಯಾಟ್ ಒಂದೇ ಅಲ್ಲ. ಮನೆಬಳಕೆಯ 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. ಕಾಗದದ ಮೇಲೆ ಸಾಕೆನಿಸಿದರೂ ಆಟದ ಮಧ್ಯೆ ಕರೆಂಟು ಹೋದಾಗ ಒಮ್ಮೆಲೇ ಬೀಳುವ ಭಾರಕ್ಕೆ ಬೀಪ್ ಎಂದು ಮಲಗುತ್ತದೆ. 1000 ಅಥವಾ 1100 ವಿಎ ನೋಡಿ. ಮನೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಗೇಮಿಂಗ್ ಪಿಸಿ ಸಿಕ್ಕಿಸುವುದು ಬೇಡ, ಈಗಿನ ಎಸ್‌ಎಂಪಿಎಸ್‌ಗಳಿಗೂ ಅದಕ್ಕೂ ಆಗಿಬರುವುದಿಲ್ಲ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ ಎಂಬ ದೂರು ಹಳೇ ಮನೆಗಳಿಂದ ಬರುತ್ತಲೇ ಇರುತ್ತದೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಸ್ವಲ್ಪ ಕರೆಂಟನ್ನು ಡಬ್ಬದ ಮೈಗೆ ಬಿಡುತ್ತದೆ, ಅದು ಅರ್ಥಿಂಗ್ ಮೂಲಕ ಭೂಮಿಗೆ ಹೋಗಬೇಕು. ಅರ್ಥಿಂಗ್ ಇಲ್ಲದಿದ್ದರೆ ನಿಮ್ಮ ಮೂಲಕ ಹೋಗುತ್ತದೆ. ಪಿಸಿ ತರುವ ಮುನ್ನವೇ ಎಲೆಕ್ಟ್ರಿಷಿಯನ್ ಕರೆಸಿ ಆ ಪ್ಲಗ್ ಪಾಯಿಂಟ್ ಪರೀಕ್ಷಿಸಿ.

ಹಂತ 9: ಅಂಗಡಿಯಲ್ಲಿ

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರು ಬರೆದ ಹಾಳೆಯ ನಾಲ್ಕು ಪ್ರತಿ ಮಾಡಿಕೊಳ್ಳಿ. ನಾಲ್ಕು ಅಂಗಡಿಯಲ್ಲಿ ಕೊಟ್ಟು ಬೆಲೆ ಬರೆಸಿಕೊಂಡು ಹೊರಬಂದು ಟೀ ಕುಡಿಯಿರಿ, ಆಮೇಲೆ ನಿರ್ಧರಿಸಿ. "ಆ ಮಾಡೆಲ್ ಖಾಲಿ ಸರ್, ಇದೂ ಸೇಮ್ ಟು ಸೇಮ್" ಎಂಬ ಮಾತು ಬರುವುದು ಖಂಡಿತ. ಸೇಮ್ ಎಂದದ್ದರ ಪೂರ್ತಿ ಹೆಸರನ್ನು ಹಾಳೆಯ ಮೇಲೆ ಬರೆಸಿಕೊಂಡು, ಮೊಬೈಲಿನಲ್ಲಿ ಹೋಲಿಸಿ ನೋಡಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಡಬ್ಬ ತೆರೆಯುವಾಗ ತಡೆಯಿಲ್ಲದ ಒಂದೇ ವೀಡಿಯೊ ಮಾಡಿಕೊಳ್ಳಿ.

ಬಿಲ್ ಬೇಡವೆಂದರೆ ಕಡಿಮೆ ಮಾಡುತ್ತೇವೆ ಎಂದರೆ ಬೇಡ ಎನ್ನಿ. ಮೂರು ವರ್ಷದ ವಾರಂಟಿಯ ಕಾರ್ಡಿಗೆ ಬಿಲ್ಲೇ ಆಧಾರ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಇರಲಿ. ದುಬೈಯಿಂದಲೋ ಅಮೆರಿಕದಿಂದಲೋ ನೆಂಟರು ತರುವುದಾದರೆ, ಆ ಕಂಪನಿಯ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಹಂತ 10: ಮೊದಲ ದಿನ ನೋಡಬೇಕಾದ್ದು

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಹಾಗಾಗಿ 11 ಹಾಕಿ. ಬಯಾಸ್‌ನಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೌಲಭ್ಯ ಆನ್ ಇರಲಿ. ಅವಿಲ್ಲದೆ ವಿಂಡೋಸ್ 11ರಲ್ಲಿ ವ್ಯಾಲರಂಟ್ ತೆರೆಯುವುದೇ ಇಲ್ಲ. ಬಯಾಸ್‌ನಲ್ಲಿದ್ದಾಗಲೇ ಎಕ್ಸ್‌ಎಂಪಿ ಎಂಬುದನ್ನೂ ಆನ್ ಮಾಡಿ. ಇಲ್ಲದಿದ್ದರೆ 3200ರ ರ‍್ಯಾಮ್ 2133 ಅಥವಾ 2400ರಲ್ಲಿ ತೆವಳುತ್ತಿರಬಹುದು. ಟಾಸ್ಕ್ ಮ್ಯಾನೇಜರ್‌ನ ಮೆಮರಿ ಪುಟದಲ್ಲಿ ವೇಗ ಕಾಣುತ್ತದೆ. ನಾಲ್ಕು ಜಾಗವಿರುವ ಬೋರ್ಡಿನಲ್ಲಿ ಕಡ್ಡಿಗಳು ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಜಾಗದಲ್ಲಿರಬೇಕು.

ಮಾನಿಟರ್ ಕೇಬಲ್ ಕಾರ್ಡಿಗೆ ಹಾಕಿ, ಮೇಲೆ ಮದರ್‌ಬೋರ್ಡಿನಲ್ಲಿರುವ ಕಿಂಡಿಗಲ್ಲ. "ಪಿಸಿ ಆನ್ ಆಗುತ್ತೆ, ಪರದೆ ಮಾತ್ರ ಕಪ್ಪು" ಎಂದು ರಾತ್ರಿ ಹನ್ನೊಂದಕ್ಕೆ ಬರುವ ಕರೆಗಳಲ್ಲಿ ಅರ್ಧ ಇದೇ. ಉಳಿದರ್ಧ ರ‍್ಯಾಮ್ ಪೂರ್ತಿ ಒತ್ತಿ ಕೂರಿಸದ್ದು. ಆಮೇಲೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ 60 ಹರ್ಟ್ಸ್ ಎಂದಿರುವುದನ್ನು 144ಕ್ಕೆ ಬದಲಿಸಿ. ಅದು ತಾನಾಗಿ ಬದಲಾಗುತ್ತದೆಂದು ನಂಬಿ ಒಂದು ವರ್ಷ 60ರಲ್ಲೇ ಆಡಿದವರು ನನಗೆ ಗೊತ್ತು. ಡಬ್ಬಗಳನ್ನು ಅಟ್ಟದ ಮೇಲಿಡಿ, ಬಿಲ್ಲಿನ ಫೋಟೊ ತೆಗೆದಿಡಿ: ಬಿಲ್ಲಿನ ಶಾಯಿ ಆರು ತಿಂಗಳಲ್ಲಿ ಮಾಸಿಹೋಗುವುದುಂಟು.